ಪಾಯಿಂಟಿನಲ್ಲಿ ಕೊಂಡ ವಾಪಸ್ ಟಿಕೆಟು

ಆ ಮನುಷ್ಯನ ಬಲಗೈ ಮತ್ತೆ ತಲೆಯ ಮೇಲಕ್ಕೆ ಏಳುವಂತೆ ಮಾಡಿದವಳು ನಾನೇ. ಅವನಿಗೆ ಅದೊಂದೇ ಕೆಲಸ ಮಾಡಿಕೊಟ್ಟು ಸುಮ್ಮನಿದ್ದಿದ್ದರೆ ಸಾಕಿತ್ತು.

ಮಂಗಳೂರಿನ ಕದ್ರಿಯಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕು. ಎರಡು ಮಂಚ, ಗೋಡೆಗೆ ಸಿಕ್ಕಿಸಿದ ಒಂದು ರಾಟೆ, ಕಾಯಿಸಿದ ಮೇಣದ ಪೆಟ್ಟಿಗೆ, ಹೊರಗೆ ಕಾಯುವವರಿಗೆ ಒಂದು ಬೆಂಚು. ಗಂಡನಿಗೆ ಹಂಪನಕಟ್ಟೆಯಲ್ಲಿ ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಅಂಗಡಿ. ಅಂಗಡಿಗೆ ಮಾಲು ತರಿಸುವುದೆಲ್ಲ ಕ್ರೆಡಿಟ್ ಕಾರ್ಡಿನಲ್ಲಿ. ಅವರಿಗೆ ಅದು ಬರೀ ಅನುಕೂಲ. ಆ ಕಾರ್ಡಿನ ಹಿಂದೆ ಪಾಯಿಂಟುಗಳು ಗುಡ್ಡೆಯಾಗಿ ಬಿದ್ದಿವೆ ಎಂದು ಕಂಡುಹಿಡಿದವಳು ನಾನು. ಬ್ಯಾಂಕಿನದೇ ಒಂದು ವೆಬ್‌ಸೈಟು ಇತ್ತು. ಅಲ್ಲಿ ದುಡ್ಡಿನ ಬದಲು ಪಾಯಿಂಟು ಕೊಟ್ಟು ವಿಮಾನದ ಟಿಕೆಟು ಕೊಳ್ಳಬಹುದಿತ್ತು.

ಮೊದಲ ಸಲ ಹಾಗೆ ನಾವಿಬ್ಬರೂ ಸಿಂಗಾಪುರಕ್ಕೆ ಹೋಗಿ ಬಂದೆವು. ವಿಮಾನದಲ್ಲಿ ಕಿಟಕಿಯ ಪಕ್ಕ ಕುಳಿತು, ನಾವು ಹಾರುತ್ತಿರುವುದು ಕಮೋಡುಗಳ ಮತ್ತು ನಲ್ಲಿಗಳ ಪುಣ್ಯದಿಂದ ಎಂದು ನಕ್ಕಿದ್ದೆವು. ಅಲ್ಲಿಂದ ಬಂದ ಮೇಲೆ ನನಗೆ ಅದೊಂದು ಹುಚ್ಚೇ ಆಯಿತು. ಪೆಟ್ರೋಲಿಗೆ ಒಂದು ಕಾರ್ಡು, ದಿನಸಿಗೆ ಇನ್ನೊಂದು. ಸಂಬಂಧಿಕರು ಮದುವೆಗೆ ಚಿನ್ನ ಕೊಳ್ಳಲು ಹೊರಟರೆ ನಾನೂ ಜೊತೆಗೆ ಹೋಗಿ, "ನನ್ನ ಕಾರ್ಡಿನಲ್ಲಿ ಮಾಡುವ, ನೀವು ಮತ್ತೆ ನನಗೆ ಕೊಟ್ಟರೆ ಆಯ್ತು" ಎನ್ನುತ್ತಿದ್ದೆ.

"ಎಂತ ಮಾರಾಯ್ತಿ, ನೀನು ಮದುವೆಗೆ ಬಂದದ್ದಾ, ಕಾರ್ಡು ಉಜ್ಜಲಿಕ್ಕೆ ಬಂದದ್ದಾ?" ಎಂದು ಗಂಡ ಒಮ್ಮೆ ಎಲ್ಲರೆದುರು ಕೇಳಿದ್ದರು. ನನಗೆ ನಾಚಿಕೆಯಾಗಲಿಲ್ಲ. ಜಪಾನಿಗೆ ಹೋಗಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

ಆ ಮನುಷ್ಯ ಬಂದದ್ದು ಆ ದಿನಗಳಲ್ಲಿ. ಐವತ್ತು ದಾಟಿದ ಪ್ರಾಯ, ಇಸ್ತ್ರಿ ಹಾಕಿದ ಅರ್ಧ ತೋಳಿನ ಬಿಳಿ ಅಂಗಿ, ಮೆಲುಮಾತು. ಬಲಭುಜ ಬಿಗಿದು ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಬರುತ್ತಿದ್ದ. ಕೈ ತಿರುಗಿಸುವಾಗ ಗಟ್ಟಿ ಗಂಡಸರೂ ಕಿರುಚುತ್ತಾರೆ, ಇವನು ಒಂದು ದಿನವೂ ಕಿರುಚಲಿಲ್ಲ. ಏನು ಕೆಲಸ ಎಂದು ಕೇಳಿದಾಗ, "ಬಡವರಿಗೆ ಗಲ್ಫಿನಲ್ಲಿ ಕೆಲಸದ ದಾರಿ ತೋರಿಸ್ತೇನೆ ಡಾಕ್ಟ್ರೇ. ಒಂದು ಸೇವೆ ಅಂತ" ಎಂದ. ನಮ್ಮ ಊರಿನಲ್ಲಿ ಅದು ಅಪರೂಪದ ಮಾತೇನಲ್ಲ. ಗಲ್ಫಿನ ದುಡ್ಡು ಕಾಣದ ಮನೆ ನಮ್ಮ ಬೀದಿಯಲ್ಲೇ ನಾಲ್ಕೈದು ಇರಬಹುದು, ಅಷ್ಟೇ.

ಒಂದು ದಿನ ಅವನ ಕೈ ಹಿಡಿದುಕೊಂಡೇ ಗಂಡನ ಹತ್ತಿರ ಫೋನಿನಲ್ಲಿ ಪಾಯಿಂಟಿನ ವಿಷಯ ಮಾತಾಡಿದೆ. ಫೋನ್ ಇಟ್ಟ ಮೇಲೆ ಅವನು ಕೇಳಿದ.

"ಪಾಯಿಂಟಿನಲ್ಲಿ ನಿಜವಾಗಿ ವಿಮಾನದ ಟಿಕೆಟ್ ಸಿಗ್ತದಾ ಡಾಕ್ಟ್ರೇ?"

ಯಾರಾದರೂ ಕೇಳಲಿ ಎಂದು ಕಾಯುವವಳು ನಾನು. ಎಲ್ಲ ವಿವರಿಸಿದೆ.

"ಬೇರೆಯವರ ಹೆಸರಿನಲ್ಲೂ ಮಾಡ್ಲಿಕ್ಕೆ ಆಗ್ತದಾ?"

"ಯಾರ ಹೆಸರಿನಲ್ಲೂ ಆಗ್ತದೆ. ಪಾಸ್‌ಪೋರ್ಟಿನ ವಿವರ ಇದ್ರೆ ಆಯ್ತು."

"ಕ್ಯಾನ್ಸಲ್ ಮಾಡಿದ್ರೆ?"

"ಸ್ವಲ್ಪ ಕಳೆದು ಉಳಿದ ಪಾಯಿಂಟ್ ವಾಪಸ್ ಬರ್ತದೆ."

ಅವನು ಕಣ್ಣು ಮುಚ್ಚಿದ. ನೋವಾಯಿತೇನೋ ಎಂದು ನಾನು ಕೈ ಸಡಿಲಿಸಿದೆ. "ಇಲ್ಲ ಇಲ್ಲ, ನೀವು ಮಾಡಿ" ಎಂದ.

ಮುಂದಿನ ವಾರ ಅವನು ಒಂದು ಪಾಸ್‌ಪೋರ್ಟಿನ ಫೋಟೋ ಕಳಿಸಿದ. ಬೆಳ್ತಂಗಡಿ ಕಡೆಯ ಒಬ್ಬಳು ಹೆಂಗಸು, ಮಸ್ಕತ್ತಿಗೆ ಹೋಗಬೇಕು, ಪಾಪದವಳು, ಟಿಕೆಟಿಗೆ ತತ್ವಾರ ಎಂದ. ನನ್ನ ಪಾಯಿಂಟಿನ ಒಂದು ಭಾಗ ವರ್ಷದ ಕೊನೆಗೆ ಹಾಳಾಗಿ ಹೋಗುವುದಿತ್ತು. ಟಿಕೆಟಿನ ದರಕ್ಕಿಂತ ಸ್ವಲ್ಪ ಕಡಿಮೆ ಹಣವನ್ನು ಅವನು ನನ್ನ ಕೈಗೆ ಕೊಟ್ಟ. ಅವನಿಗೂ ಲಾಭ, ನನಗೂ ಲಾಭ, ಆ ಹೆಂಗಸಿಗೆ ಉಪಕಾರ. ತಪ್ಪು ಎಲ್ಲಿದೆ ಎಂದು ಹುಡುಕಲು ನಾನು ಹೋಗಲಿಲ್ಲ.

"ಹೋಗ್ಲಿಕ್ಕೆ ಒಂದು, ಬರ್ಲಿಕ್ಕೆ ಒಂದು, ಬೇರೆ ಬೇರೆ ಟಿಕೆಟ್ ಮಾಡಿ ಡಾಕ್ಟ್ರೇ. ಫೋನ್ ನಂಬರ್ ನಿಮ್ಮದೇ ಹಾಕಿ. ಅವಳಿಗೆ ಮೆಸೇಜೆಲ್ಲ ಓದ್ಲಿಕ್ಕೆ ಗೊತ್ತಾಗುದಿಲ್ಲ."

ಹಾಗೆಯೇ ಮಾಡಿದೆ. ಅವಳು ಹೋದ ಮೂರನೆಯ ದಿನ ಅವನ ಮೆಸೇಜು ಬಂತು. ಅವಳಿಗೆ ಅಲ್ಲಿ ಒಳ್ಳೆಯ ಮನೆಯಲ್ಲಿ ಕೆಲಸ ಸಿಕ್ಕಿದೆ, ಇನ್ನು ಎರಡು ವರ್ಷ ಬರುವುದಿಲ್ಲ, ವಾಪಸ್ ಟಿಕೆಟನ್ನು ಸುಮ್ಮನೆ ಯಾಕೆ ಹಾಳು ಮಾಡುವುದು, ರದ್ದು ಮಾಡಿ, ಬರುವ ಪಾಯಿಂಟು ನೀವೇ ಇಟ್ಟುಕೊಳ್ಳಿ ಎಂದು. ನಾನು ರದ್ದು ಮಾಡಿದೆ. ಖಾತೆಯಲ್ಲಿ ಪಾಯಿಂಟುಗಳು ಮರಳಿ ಬಂದವು. ಕೊಟ್ಟದ್ದೂ ನನ್ನದೇ, ಬಂದದ್ದೂ ನನ್ನದೇ. ಮನಸ್ಸಿಗೆ ಹಿತವಾಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಹೀಗೆ ನಾಲ್ಕು ಮಂದಿ ಹೋದರು. ಎಲ್ಲರೂ ಹೆಂಗಸರು. ಎಲ್ಲರ ಪಾಸ್‌ಪೋರ್ಟೂ ಹೊಸತು, ಒಂದೇ ಒಂದು ಮುದ್ರೆಯೂ ಇಲ್ಲದ್ದು. ಪ್ರತಿ ಸಲವೂ ಮೂರು ದಿನ ಬಿಟ್ಟು ಅದೇ ಮೆಸೇಜು. ಒಂದು ದಿನ ಊಟ ಮಾಡುತ್ತಾ ಗಂಡ ಕೇಳಿದರು.

"ಅಲ್ಲ, ಎಲ್ಲ ಹೆಂಗಸರೇ ಯಾಕೆ?"

"ಮನೆಕೆಲಸಕ್ಕೆ ಗಂಡಸರನ್ನು ಯಾರು ಕರೀತಾರೆ?"

ಅವರು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಬದಿಗಿಟ್ಟರು. "ಮತ್ತೆ ಒಬ್ಬರೂ ವಾಪಸ್ ಬರುದಿಲ್ವಾ? ಒಬ್ಬಳಿಗಾದರೂ ಅಲ್ಲಿ ಹಿಡಿಸದೆ ಇರ್ಬೇಕಲ್ಲ?"

ನನಗೆ ಸಿಟ್ಟು ಬಂತು. ಎಲ್ಲದರಲ್ಲೂ ಕೆಟ್ಟದ್ದನ್ನೇ ಹುಡುಕುತ್ತೀರಿ ಎಂದು ಎದ್ದು ಹೋದೆ. ಕೈ ತೊಳೆಯುವಾಗ ಅವರ ಪ್ರಶ್ನೆ ನನ್ನ ಜೊತೆಗೇ ಬಂದು ನಿಂತಿತ್ತು.

ಐದನೆಯವಳು ಉಳ್ಳಾಲದವಳು. ಮೂವತ್ತರ ಆಸುಪಾಸು. ಫೋಟೋದಲ್ಲಿ ಕ್ಯಾಮೆರಾದವನು ಏನೋ ಬೈದಿರಬೇಕು ಎನ್ನುವ ಹಾಗೆ ಕಣ್ಣು ಅಗಲ ಮಾಡಿಕೊಂಡಿದ್ದಳು. ಅವಳು ಹೊರಡುವ ದಿನ, ಕಾಕತಾಳೀಯವೆಂಬಂತೆ, ನನ್ನ ತಂಗಿಯೂ ದುಬೈಗೆ ಹೊರಟಿದ್ದಳು. ಬಜಪೆಯ ವಿಮಾನ ನಿಲ್ದಾಣದಲ್ಲಿ ತಂಗಿಯನ್ನು ಒಳಗೆ ಬಿಟ್ಟು ತಿರುಗಿದರೆ, ಕಂಬದ ಪಕ್ಕದಲ್ಲಿ ಆ ಮನುಷ್ಯ ನಿಂತಿದ್ದ. ಎದುರಿಗೆ ಆ ಹೆಂಗಸು. ಅವನ ಬೆನ್ನು ನನ್ನ ಕಡೆಗಿತ್ತು, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಎಂತಕ್ಕೆ ಹೋಗುದು ಅಂತ ಕೇಳಿದ್ರೆ?"

"ಊರು ನೋಡ್ಲಿಕ್ಕೆ."

"ವಾಪಸ್ ಯಾವಾಗ?"

"ಇಪ್ಪತ್ತೆಂಟಕ್ಕೆ."

"ಪುನಃ ಹೇಳು. ಗಟ್ಟಿಯಾಗಿ."

"ಇಪ್ಪತ್ತೆಂಟಕ್ಕೆ ವಾಪಸ್. ಟಿಕೆಟ್ ಉಂಟು." ಅವಳು ಕೈಯಲ್ಲಿದ್ದ ಕಾಗದವನ್ನು ಎತ್ತಿ ತೋರಿಸಿದಳು. ನಾನು ಮನೆಯಲ್ಲಿ ಮಾಡಿ ಕಳಿಸಿದ್ದ ಟಿಕೆಟಿನ ಪ್ರಿಂಟು ಅದು. ಪರೀಕ್ಷೆಗೆ ಹೋಗುವ ಮಕ್ಕಳು ಹಾಲ್ ಟಿಕೆಟು ಹಿಡಿದುಕೊಳ್ಳುವಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ನಾನು ಹತ್ತಿರ ಹೋಗಿ ಮಾತಾಡಿಸಬಹುದಿತ್ತು. ಹೋಗಲಿಲ್ಲ. ಕಾರಿನ ಬಾಗಿಲು ತೆಗೆಯುವಾಗ ಅವನು ನನ್ನನ್ನು ಕಂಡ. ಬಲಗೈಯನ್ನು ನೇರವಾಗಿ, ಕಿವಿಗೆ ತಾಗುವಂತೆ ಮೇಲೆತ್ತಿ ಬೀಸಿದ. ಎಷ್ಟು ಚೆನ್ನಾಗಿ ಏಳುತ್ತಿತ್ತು ಆ ಕೈ!

ಮೂರನೆಯ ದಿನ ಮೆಸೇಜು ಬಂತು. ಈ ಸಲ ನಾನು ಫೋನ್ ಮಾಡಿದೆ.

"ವಾಪಸ್ ಟಿಕೆಟ್ ಕ್ಯಾನ್ಸಲ್ ಮಾಡುದು ಅವಳಿಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ ಡಾಕ್ಟ್ರೇ? ಅವಳೇ ಹೇಳಿದ್ದು."

"ಅವಳ ಹತ್ತಿರ ಒಮ್ಮೆ ಮಾತಾಡ್ಬಹುದಾ?"

"ಹೊಸ ಸಿಮ್ ಇನ್ನೂ ಆಗ್ಲಿಲ್ಲ" ಎಂದ. ಆಮೇಲೆ ಅದೇ ಮೆಲುದನಿಯಲ್ಲಿ, "ಟಿಕೆಟ್ ನಿಮ್ಮದು, ನಂಬರ್ ನಿಮ್ಮದು. ನನಗೆ ಎಂತ ಆಗುದುಂಟು? ನಿಮ್ಮ ಪಾಯಿಂಟ್ ಹಾಳಾಗ್ತದೆ ಅಂತ ಹೇಳಿದೆ ಅಷ್ಟೆ" ಎಂದ.

ಆ ಮಾತಿನಲ್ಲಿ ಒಂದು ಕೊಕ್ಕೆ ಇತ್ತು. ನನಗೆ ಅದು ಚುಚ್ಚಿತು, ಆದರೆ ಏನೆಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಜಪಾನಿನ ಟಿಕೆಟಿಗೆ ಇನ್ನು ಬೇಕಾಗಿದ್ದದ್ದು ಹೆಚ್ಚುಕಡಿಮೆ ಅಷ್ಟೇ ಪಾಯಿಂಟು. ಎರಡು ದಿನ ಬಿಟ್ಟೆ. ಆಮೇಲೆ ರದ್ದು ಮಾಡಿದೆ. ಬಂದ ಪಾಯಿಂಟನ್ನೂ ಸೇರಿಸಿ ಎಲ್ಲವನ್ನೂ ಒಂದು ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿದೆ. ಹಾಗೆ ಮಾಡಿದರೆ ಲೆಕ್ಕದಲ್ಲಿ ಲಾಭ ಹೆಚ್ಚು. ಒಮ್ಮೆ ವರ್ಗಾಯಿಸಿದ್ದನ್ನು ಹಿಂದಕ್ಕೆ ತರಲು ಮಾತ್ರ ಬರುವುದಿಲ್ಲ. ಅವನು ಆಮೇಲೆ ಚಿಕಿತ್ಸೆಗೆ ಬರಲಿಲ್ಲ. ಕೈ ಸರಿಯಾಗಿತ್ತಲ್ಲ.

ಇಪ್ಪತ್ತೆಂಟನೆಯ ತಾರೀಕು ನನ್ನ ನೆನಪಿನಲ್ಲಿ ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆ. ಮಂಚದ ಮೇಲೆ ಮಂಡಿನೋವಿನ ಒಬ್ಬರು ನಿವೃತ್ತ ಟೀಚರು ಮಲಗಿದ್ದರು. ಹೊರದೇಶದ ನಂಬರಿನಿಂದ ಫೋನ್ ಬಂತು.

"ಹಲೋ, ಇದು ಟಿಕೆಟಿನ ಮೇಲೆ ಉಂಟಲ್ಲ, ಆ ನಂಬರಾ?" ಹೆಂಗಸಿನ ದನಿ. ಹಿಂದೆ ಏನೋ ಘೋಷಣೆ ಕೇಳುತ್ತಿತ್ತು.

"ಯಾರು ಮಾತಾಡುದು?"

ಅವಳು ಹೆಸರು ಹೇಳಿದಳು. "ಉಳ್ಳಾಲ. ನಾನು ಮಸ್ಕತ್ ಏರ್‌ಪೋರ್ಟಿನಲ್ಲಿ ಇದ್ದೇನೆ ಮೇಡಂ. ಇವತ್ತು ಇಪ್ಪತ್ತೆಂಟಲ್ವಾ? ನನ್ನ ಟಿಕೆಟ್ ಇವತ್ತಿಗೆ. ಇವರು ಟಿಕೆಟ್ ಇಲ್ಲ ಅಂತ ಹೇಳ್ತಾರೆ. ನೀವು ಒಮ್ಮೆ ಇವರಿಗೆ ಹೇಳಿ ಮೇಡಂ, ಉಂಟು ಅಂತ."

ನಾನು ಫೋನ್ ಹಿಡಿದುಕೊಂಡು ಟೀಚರಿಂದ ದೂರ, ಬಾಗಿಲ ಹೊರಗೆ ಹೋದೆ.

"ಹಲೋ? ಇದು ಇಲ್ಲಿ ಗುಡಿಸುವ ಅಕ್ಕನ ಫೋನು. ಅವರಿಗೆ ಕೆಲಸಕ್ಕೆ ಹೋಗ್ಲಿಕ್ಕುಂಟು."

"ಕೆಲಸದ ಮನೆಯವರಿಗೆ ಹೇಳಿ ಬಂದದ್ದಾ?"

"ಇಲ್ಲ. ಪಾಸ್‌ಪೋರ್ಟ್ ಅವರ ಕಪಾಟಿನಿಂದ ತೆಗೆದೆ. ಅವರು ಎದ್ದ ಮೇಲೆ ಗೊತ್ತಾಗ್ತದೆ. ಹನ್ನೊಂದಕ್ಕೆ ಏಳ್ತಾರೆ." ಅವಳು ಉಸಿರು ಎಳೆದುಕೊಂಡಳು. "ನಾನು ದಿನ ಲೆಕ್ಕ ಹಾಕಿದ್ದು ಮೇಡಂ. ಕಾಗದವನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿ ಇಟ್ಟಿದ್ದೆ. ಪುನಃ ಆ ಮನೆಗೆ ಹೋದ್ರೆ ನಾನು ಉಳಿಯುದಿಲ್ಲ."

ಅಲ್ಲಿ ಆಗ ಗಂಟೆ ಎಂಟೂವರೆ.

"ಅಲ್ಲೇ ಇರು. ಎಲ್ಲಿಗೂ ಹೋಗ್ಬೇಡ. ಟಿಕೆಟ್ ಇದೇ ಫೋನಿಗೆ ಬರ್ತದೆ" ಎಂದೆ. ಅವಳು ಸರಿ ಎನ್ನುವ ಮೊದಲೇ ಫೋನ್ ಕಟ್ಟಾಯಿತು.

ಟೀಚರನ್ನು ಎಬ್ಬಿಸಿ ಕಳಿಸಿ, ಕಂಪ್ಯೂಟರಿನ ಮುಂದೆ ಕೂತೆ. ಖಾತೆಯಲ್ಲಿ ಪಾಯಿಂಟು ಇರಲಿಲ್ಲ. ಎಲ್ಲವೂ ಜಪಾನಿನ ಹಾದಿಯಲ್ಲಿ ಹೋಗಿದ್ದವು. ಅವಳ ಪಾಸ್‌ಪೋರ್ಟಿನ ಫೋಟೋ ಹುಡುಕಿದರೆ, ಆ ಮನುಷ್ಯನ ಮೆಸೇಜುಗಳೆಲ್ಲ ತಾವಾಗಿ ಅಳಿಸಿ ಹೋಗುವಂತೆ ಅವನು ಮಾಡಿಟ್ಟದ್ದು ಆಗ ತಿಳಿಯಿತು. ಕೊನೆಗೆ ರದ್ದಾದ ಟಿಕೆಟಿನ ಪುಟದಲ್ಲೇ ಅವಳ ವಿವರ ಸಿಕ್ಕಿತು. ಅವಸರದಲ್ಲಿ ಪಾಸ್‌ಪೋರ್ಟಿನ ನಂಬರು ಎರಡು ಸಲ ತಪ್ಪಿತು. ಮಧ್ಯಾಹ್ನದ ವಿಮಾನದಲ್ಲಿ ಬಜಪೆಗೆ ಒಂದು ಸೀಟು, ನಮ್ಮ ದುಡ್ಡಿನಲ್ಲೇ ಕೊಂಡು, ಆ ಗುಡಿಸುವ ಹೆಂಗಸಿನ ನಂಬರಿಗೆ ಕಳಿಸಿದೆ. ವಾಟ್ಸಾಪಿನಲ್ಲಿ ಒಂದೇ ಗೀಟು ಬಿತ್ತು. ತಲುಪಿದ್ದರೆ ಎರಡು ಬೀಳಬೇಕು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಅಲ್ಲಿ ಹನ್ನೊಂದು, ಆ ಮನೆಯವರು ಏಳುವ ಹೊತ್ತಾಯಿತು. ಗೀಟು ಒಂದೇ ಇತ್ತು.

ಗಂಡ ಅಂಗಡಿಯಿಂದ ಬಂದರು. ನಾನು ಹೇಳಿದ್ದನ್ನೆಲ್ಲ ಕೇಳಿ, ನಾನು ಹೆದರಿದ್ದ ಯಾವ ಮಾತನ್ನೂ ಆಡದೆ, "ಹೊರಡು, ಬಜಪೆಗೆ ಹೋಗುವ" ಎಂದರು.

ಸಂಜೆ ವಿಮಾನ ಇಳಿಯಿತು. ಹಗ್ಗ ಬಿಗಿದ ಪೆಟ್ಟಿಗೆ, ಕಂಬಳಿಯ ಕಟ್ಟು ತಳ್ಳಿಕೊಂಡು ಜನ ಹೊರಗೆ ಬಂದರು. ಮಕ್ಕಳು ಓಡಿ ಅಪ್ಪಂದಿರ ಕಾಲು ತಬ್ಬಿಕೊಂಡರು. ಒಬ್ಬೊಬ್ಬ ಹೆಂಗಸು ಬಂದಾಗಲೂ ನಾನು ಮುಂದೆ ಹೋಗಿ ಮುಖ ನೋಡುತ್ತಿದ್ದೆ. ಜನ ಖಾಲಿಯಾದರು. ಬಣ್ಣದ ಸೂಟ್‌ಕೇಸು ಎಳೆದುಕೊಂಡು ವಿಮಾನದ ಸಿಬ್ಬಂದಿಯೂ ಹೋದರು. "ಇನ್ನು ಯಾರೂ ಇಲ್ಲ ಕಾಣ್ತದೆ" ಎಂದು ಗಂಡ ಮೆಲ್ಲಗೆ ಹೇಳಿದರು.

ಆಮೇಲೆ ಎಷ್ಟೋ ಹೊತ್ತಿಗೆ ಅವಳು ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅಷ್ಟೇ. ಒಳಗೆ ಅಧಿಕಾರಿಗಳು ಕೂರಿಸಿ ಪ್ರಶ್ನೆ ಕೇಳಿದ್ದರಂತೆ. ನನ್ನ ಮೆಸೇಜು ಅವಳಿಗೆ ತಲುಪಿರಲೇ ಇಲ್ಲ, ಕೌಂಟರಿನವರೇ ಮತ್ತೊಮ್ಮೆ ಪಾಸ್‌ಪೋರ್ಟು ನೋಡಿದಾಗ ಹೊಸ ಟಿಕೆಟು ಸಿಕ್ಕಿತಂತೆ. ಎಡಗೈಯ ಎರಡು ಬೆರಳು ಊದಿ, ಮಡಚಲು ಬಾರದೆ ನೆಟ್ಟಗೆ ನಿಂತಿದ್ದವು. ಮುರಿದು ಎರಡು ವಾರವಾದರೂ ಆಗಿದೆ, ಯಾರೂ ಕಟ್ಟಿಲ್ಲ ಎಂದು ನನಗೆ ಕಂಡ ಕೂಡಲೇ ಗೊತ್ತಾಯಿತು.

"ನೀವಾ ಫೋನಿನ ಮೇಡಂ?"

"ಹೌದು."

"ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿದ್ದು ಯಾರು?"

ಗಂಡ ನನ್ನ ಮುಖ ನೋಡಿದರು.

"ನಾನೇ" ಎಂದೆ.

"ಇವತ್ತು ಮಾಡಿಸಿದ್ದು?"

"ಅದೂ ನಾನೇ."

ಅವಳು ಬೈಯಲಿಲ್ಲ, ಕೈ ಮುಗಿಯಲೂ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಆಸ್ಪತ್ರೆಗೆ ಹೋಗುವ ಎಂದರೆ, ಮೊದಲು ಮನೆಗೆ ಎಂದಳು. ನೇತ್ರಾವತಿಯ ಸೇತುವೆ ದಾಟಿದ ಮೇಲೆ ತಾನಾಗಿಯೇ ಹೇಳಿದಳು.

"ಆ ಮನೆಯಲ್ಲಿ ನನಗಿಂತ ಮುಂಚೆ ಒಬ್ಬಳು ಇದ್ದಳು. ನಮ್ಮ ಕಡೆಯವಳೇ. ನನಗೆ ಕೊಟ್ಟ ಕೋಣೆಯಲ್ಲಿ ಅವಳ ಚಪ್ಪಲಿ ಉಂಟು, ಬಟ್ಟೆ ಉಂಟು. ಗೋಡೆಯಲ್ಲಿ ಕನ್ನಡದಲ್ಲಿ ದಿನ ಗುರುತು ಹಾಕಿದ್ದಾಳೆ. ಎಲ್ಲಿ ಹೋದಳು ಅಂತ ಕೇಳಿದ ದಿನವೇ ನನ್ನ ಕೈಗೆ ಹೀಗಾದದ್ದು."

ಗೋಡೆಯಲ್ಲಿ ಅವಳು ಹೆಸರನ್ನೂ ಬರೆದಿದ್ದಳಂತೆ. ಉಳ್ಳಾಲದವಳು ಆ ಹೆಸರು ಹೇಳಿದಳು. ನಾನು ಮೊತ್ತಮೊದಲು ಮಾಡಿದ ಟಿಕೆಟಿನ, ಬೆಳ್ತಂಗಡಿಯವಳ ಹೆಸರು ಅದು.

ಮರುದಿನ ನಾವು ಪೊಲೀಸರ ಹತ್ತಿರ ಹೋದೆವು. ಆ ಮನುಷ್ಯನ ಫೋನ್ ಸ್ವಿಚ್ ಆಫ್. ಕ್ಲಿನಿಕ್ಕಿನಲ್ಲಿ ಅವನು ಬರೆಸಿದ್ದ ವಿಳಾಸದಲ್ಲಿ ಒಂದು ಬಾಗಿಲು ಹಾಕಿದ ಜೆರಾಕ್ಸ್ ಅಂಗಡಿ ಇತ್ತು. ಇನ್ಸ್‌ಪೆಕ್ಟರು ನನ್ನ ಟಿಕೆಟುಗಳ ಪಟ್ಟಿಯನ್ನು ಉದ್ದಕ್ಕೂ ಓದಿದರು.

"ಹೋಗುವಾಗ ಇಮಿಗ್ರೇಶನ್‌ನವರು ವಾಪಸ್ ಟಿಕೆಟ್ ಕೇಳ್ತಾರೆ ಮೇಡಂ. ಪ್ರವಾಸಕ್ಕೆ ಹೋಗುದು ಅಂತ ತೋರಿಸ್ಬೇಕಲ್ಲ. ಅಷ್ಟಕ್ಕೆ ಮಾತ್ರ ಅವನಿಗೆ ನಿಮ್ಮ ಟಿಕೆಟ್ ಬೇಕಾದದ್ದು. ದಾಟಿದ ಮೇಲೆ ಅದು ಇದ್ರೆ ಅವನಿಗೆ ತೊಂದರೆ."

ನನ್ನನ್ನು ನಾಲ್ಕು ಸಲ ಕರೆಸಿ ಹೇಳಿಕೆ ಬರೆಸಿಕೊಂಡರು. ಪಾಯಿಂಟು ಮಾರಿದ್ದಕ್ಕೆ ಬ್ಯಾಂಕು ಕಾರ್ಡನ್ನು ನಿಲ್ಲಿಸಿತು. ಜಪಾನಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಉಳ್ಳಾಲದವಳ ಬೆರಳಿಗೆ ಆಪರೇಷನ್ ಆಯಿತು. ವ್ಯಾಯಾಮವನ್ನು ನಾನು ಅವಳ ಮನೆಗೇ ಹೋಗಿ ಮಾಡಿಸಿದೆ. ಒಂದು ಬೆರಳು ಈಗ ಮಡಚುತ್ತದೆ, ಇನ್ನೊಂದು ಅರ್ಧಕ್ಕೆ ನಿಲ್ಲುತ್ತದೆ. ಉಳಿದವರಲ್ಲಿ ಇಬ್ಬರು ಸಿಕ್ಕಿದರು. ಒಬ್ಬಳು ರಾಯಭಾರ ಕಚೇರಿಯವರ ಮೂಲಕ ಊರಿಗೆ ಬಂದಳು. ಇನ್ನೊಬ್ಬಳು ತಾನು ಇರುವ ಮನೆ ಒಳ್ಳೆಯದೇ, ಬರುವುದಿಲ್ಲ ಎಂದಳಂತೆ. ಮೂರನೆಯವಳು ಬೇರೆ ದೇಶಕ್ಕೆ ದಾಟಿದ್ದಾಳೆ ಎನ್ನುತ್ತಾರೆ, ಯಾವುದೆಂದು ಯಾರಿಗೂ ಗೊತ್ತಿಲ್ಲ. ಬೆಳ್ತಂಗಡಿಯವಳ ಸುದ್ದಿಯೇ ಇಲ್ಲ. ಆ ಮನೆಯವರು ಅಂಥವಳು ನಮ್ಮಲ್ಲಿ ಇರಲೇ ಇಲ್ಲ ಎಂದು ಬರೆದು ಕೊಟ್ಟಿದ್ದಾರೆ.

ಅವಳ ಅಕ್ಕ ಕಳೆದ ತಿಂಗಳು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಬೀಡಿ ಕಟ್ಟುವವರು. ಎರಡು ಬಸ್ಸು ಬದಲಿಸಿ ಬಂದು, ರೋಗಿಗಳೆಲ್ಲ ಹೋಗುವವರೆಗೆ ಹೊರಗಿನ ಬೆಂಚಿನಲ್ಲಿ ಕಾದಿದ್ದರು. ಆ ಟಿಕೆಟನ್ನು ಒಮ್ಮೆ ನೋಡಬೇಕು ಎಂದರು. ನಾನು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದೆ. ತಂಗಿಯ ಹೆಸರು, ಮಸ್ಕತ್ತಿನಿಂದ ಮಂಗಳೂರು, ಕೆಳಗೆ ರದ್ದಾಗಿದೆ ಎನ್ನುವ ಸಾಲು, ರದ್ದು ಮಾಡಿದ ಗಂಟೆ, ನಿಮಿಷ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನೇ ಒಂದೊಂದಾಗಿ ಓದಿ ಹೇಳಿದೆ.

"ಮಧ್ಯಾಹ್ನ ಮೂರೂಕಾಲು" ಎಂದು ಅವರು ನನ್ನ ಮಾತನ್ನೇ ಮತ್ತೆ ಹೇಳಿಕೊಂಡರು. "ಆಗ ನೀವು ಎಂತ ಮಾಡ್ತಾ ಇದ್ರಿ?"

ನನಗೆ ನೆನಪಿತ್ತು. ಒಬ್ಬ ರೋಗಿ ಹೋಗಿದ್ದರು, ಇನ್ನೊಬ್ಬರು ಬಂದಿರಲಿಲ್ಲ. ಚಹಾ ಕುಡಿಯುತ್ತಾ, ಕ್ಯೋಟೋದಲ್ಲಿ ಯಾವ ಹೋಟೆಲಿನಲ್ಲಿ ಉಳಿಯಬಹುದು ಎಂದು ಫೋಟೋಗಳನ್ನು ನೋಡುತ್ತಿದ್ದೆ.

ಅದನ್ನು ಹಾಗೆಯೇ ಅವರಿಗೆ ಹೇಳಿದೆ. ಅವರು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.